ಹಿಮದ ಇಳಿಜಾರಿನಲ್ಲಿ ಡೊಂಬಿವಲಿಯವರು

ಹಿಮಾಚಲದ ಈ ಇಳಿಜಾರನ್ನು ಬಿಸಿಲೇರುವ ಮೊದಲೇ ದಾಟಬೇಕು. ವಸಂತದ ಬಿಸಿಲಿಗೆ ಹಿಮ ಸಡಿಲವಾದರೆ ಗುಡ್ಡವೇ ಜಾರಿ ಬರುತ್ತದಂತೆ. ನಮ್ಮ ಟ್ರೆಕ್ಕಿಂಗ್ ತಂಡದ ಮುಂದಾಳು, ಮುಂಬೈ ಬಳಿಯ ಠಾಣೆ ಊರಿನ ಸುಧಕ್ಕ, ಆಚೆಯ ಬಂಡೆ ತೋರಿಸಿದಳು. “ಒಬ್ರು ಅಲ್ಲಿ ಮುಟ್ಟಿದ್ಮೇಲೆ ಇನ್ನೊಬ್ರು. ಒಬ್ರು ಸಿಕ್ಕೊಂಡ್ರೂ ಉಳಿದವ್ರು ಅಗ್ದು ತೆಗೀಬಹುದು. ಸಮ್ಝೆ?”

ತಲೆಯಾಡಿಸಿದೆವು. ಅವಳು ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ, ಡೊಂಬಿವಲಿಯ ನಾವೆಲ್ಲ ಅವಳ ಬೆನ್ನಿಗೇ ಅಂಟಿಕೊಂಡಿದ್ದೆವು. ನಮ್ಮ ಹೌಸಿಂಗ್ ಸೊಸೈಟಿಯ ಶೆಟ್ರ ಹೊಟ್ಟೆ ನನ್ನ ಬ್ಯಾಗನ್ನು ಒತ್ತುತ್ತಿತ್ತು.

“ಗ್ಯಾಪ್ ಬಿಡಿ ಮಾರಾಯ್ರೆ!” ಎಂದಳು ಸುಧಕ್ಕ.

“ಗ್ಯಾಪ್ ಬಿಟ್ರೆ ಬೇರೆಯವ್ರು ನುಗ್ತಾರಲ್ಲ,” ಎಂದರು ದಿನಾ ಬೆಳಿಗ್ಗೆ ಕಿಕ್ಕಿರಿದ ಮುಂಬೈ ಲೋಕಲ್ ಟ್ರೈನ್ ಹಿಡಿಯುವ ಶೆಟ್ರು. ಕಣ್ಣು ಹಾಯುವಷ್ಟು ದೂರ ಬೇರೊಂದು ನರಪಿಳ್ಳೆಯೂ ಇರಲಿಲ್ಲ.

ಹಿಂದಕ್ಕೆ ಬಂದು ಒಬ್ಬೊಬ್ಬರಾಗಿ ಹೊರಟೆವು. ನನ್ನ ಸರದಿ ಬಂದಾಗ ಮುಂದೆ ಯಾರ ಬೆನ್ನೂ ಇಲ್ಲ, ಹಿಂದೆ ಯಾರ ಉಸಿರೂ ಇಲ್ಲ. ಆ ಬಿಳುಪಿನ ನಡುವೆ ನನ್ನ ಶೂ ಹೂತು ಏಳುವ ಸದ್ದೊಂದೇ ಕೇಳುತ್ತಿತ್ತು. ಇಷ್ಟು ಜಾಗ ನನಗೊಬ್ಬಳಿಗೇ ಯಾವತ್ತೂ ಸಿಕ್ಕಿರಲಿಲ್ಲ.

ಕೊನೆಯವರಾಗಿ ಬಂದ ಶೆಟ್ರು ಬಂಡೆಯ ಮೇಲೆ ಚಹಾದ ಫ್ಲಾಸ್ಕ್ ತೆರೆಯುವಷ್ಟರಲ್ಲಿ ಇಳಿಜಾರಿಗೆ ಬಿಸಿಲು ಬಿತ್ತು. ಮೇಲೆಲ್ಲೋ ಟಪ್ಪೆಂದಿತು. ಹಿಮದಲ್ಲೊಂದು ಗೆರೆ ಮೂಡಿತು. ಹಾಸಿದ ಚಾದರ ಎಳೆದಂತೆ ಇಡೀ ಇಳಿಜಾರು ಕದಲಿ, ನಮ್ಮ ಹೆಜ್ಜೆಗುರುತುಗಳನ್ನೂ ಹೊತ್ತುಕೊಂಡು ಕೆಳಗೆ ಹೋಯಿತು. ಗುಡುಗು ಆಮೇಲೆ ಬಂತು. ಹಿಮದ ಪುಡಿ ಮುಖಕ್ಕೆ ಬಡಿಯಿತು.

ಬಂಡೆಯ ಮೇಲೆ ಬೇಕಾದಷ್ಟು ಜಾಗವಿತ್ತು. ಆದರೂ ನಾವೆಲ್ಲ ಒಂದೇ ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದೆವು. ಸುಧಕ್ಕ ಗ್ಯಾಪ್ ಬಿಡಿ ಎನ್ನಲಿಲ್ಲ. ಅವಳೂ ನನ್ನ ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದಿದ್ದಳು.