ತೊಳೆದ ರುಮಾಲು

ನಮ್ಮ ಶಿಗ್ಲಿಯಲ್ಲಿ ಯಾರ ಮನೆಯ ಮದುವೆಯಾದರೂ ಮೊದಲ ಅಕ್ಷತೆ ಚನ್ನಬಸವಣ್ಣನವರದು. ಅವರ ತಲೆಯ ಜರಿಯಂಚಿನ ಹಳದಿ ರುಮಾಲು ಬಂದು ಮುಂದಿನ ಕುರ್ಚಿಯಲ್ಲಿ ಕೂಡುವ ತನಕ ವಾಜಂತ್ರಿಯವರು ಶಹನಾಯಿ ಎತ್ತುವುದಿಲ್ಲ. ಈಗೆಲ್ಲ ಸನ್ಮಾನವೆಂದು ಕಂಡಕಂಡವರ ತಲೆಗೆ ರೆಡಿಮೇಡ್ ಪೇಟ ಇಡುತ್ತಾರೆ, ಫೋಟೋ ಆದ ಮೇಲೆ ಅದೇ ಪೇಟ ಇನ್ನೊಬ್ಬರ ತಲೆಗೆ ಹೋಗುತ್ತದೆ. ಅದರ ಮಾತು ಬಿಡಿ. ಚನ್ನಬಸವಣ್ಣನವರ ರುಮಾಲಿನ ನೆರಿಗೆ ನೋಡಿಯೇ ನಾವು ಎದ್ದು ನಿಲ್ಲುತ್ತಿದ್ದೆವು.

ಆ ನೆರಿಗೆ ಅವರದಲ್ಲ, ಹೆಂಡತಿ ಗದಿಗೆವ್ವನದು ಎಂದು ತಿಳಿದದ್ದು ಮೊನ್ನೆ. ಬಾಗಿಲು ಮುಚ್ಚಿಕೊಂಡು, ತನ್ನ ಮೊಣಕಾಲಿಗೆ ಸುತ್ತಿ, ಗಂಡನ ತಲೆಗೆ ಇಡುತ್ತಿದ್ದಳಂತೆ. ಹಿರಿಯ ಮನುಷ್ಯನಿಗೆ ರುಮಾಲು ಸುತ್ತಲು ಬರುವುದಿಲ್ಲವೆಂದರೆ ಊರು ನಗದೇ ಇರುತ್ತದೆಯೇ? ಹೋದ ವರ್ಷ ಗದಿಗೆವ್ವ ತೀರಿಕೊಂಡಳು. ಅವಳು ಕೊನೆಗೆ ಸುತ್ತಿದ್ದನ್ನು ಇವರು ಬಿಚ್ಚಲೇ ಇಲ್ಲ. ಟೊಪ್ಪಿಗೆಯಂತೆ ಇಡಿಯಾಗಿ ತೆಗೆದು ಗೂಟಕ್ಕೆ ಹಾಕುತ್ತಿದ್ದರು.

ನಮ್ಮ ಓಣಿಯ ಮಲ್ಲುವಿನ ಮಗಳು ಶೈಲಾಳ ಮದುವೆಯ ಮುಂಜಾನೆ ಚನ್ನಬಸವಣ್ಣನವರ ಗೂಟ ಬರಿದಾಗಿತ್ತು. ಹಿತ್ತಲಿಗೆ ಬಂದರೆ ತಂತಿಯ ಮೇಲೆ ಉದ್ದಕ್ಕೆ ಹಳದಿ ಬಟ್ಟೆ ಒಣಗುತ್ತಿತ್ತು. ಅದು ಏನೆಂದು ಅವರಿಗೆ ಒಮ್ಮೆಲೇ ಹೊಳೆಯಲಿಲ್ಲ.

“ಹೊಲಸಾಗಿತ್ರಿ ಮಾವಾರ, ಮದವಿಗೆ ಬೇಕಂತ ತೊಳದೀನಿ,” ಎಂದಳು ಸೊಸೆ ಕಾಂಚನಾ. “ಒಣಗೇತಿ. ಸುತ್ತಿಕೊಳ್ರಿ, ಹೊತ್ತಾತು.”

ಬೈಯಬೇಕೋ ಅಳಬೇಕೋ ತಿಳಿಯದೆ ಬಟ್ಟೆ ಹಿಡಿದು ಒಳಗೆ ಹೋದರು. ಸುತ್ತು ಎಡದಿಂದಲೋ, ಬಲದಿಂದಲೋ? ಒಂದು ತುದಿ ಹಿಡಿದರೆ ಇನ್ನೊಂದು ಕಾಲಿಗೆ ತೊಡರಿತು. ಮೊಣಕಾಲಿಗೆ ಸುತ್ತಿ ನೋಡಿದರು, ಎತ್ತಿದ ಕೂಡಲೇ ಬಿಚ್ಚಿಕೊಂಡಿತು. ಇಷ್ಟು ವರ್ಷ ಹೊತ್ತ ತಲೆಗೇ ಅದು ಹೇಗೆ ನಿಂತಿತ್ತೆಂದು ಗೊತ್ತಿರಲಿಲ್ಲ.

ಅಷ್ಟರಲ್ಲಿ ಮಲ್ಲು ಕರೆಯಲು ಬಂದ. “ಹಿರ್ಯಾರ, ಮುಹೂರ್ತ ಬಂತ್ರಿ. ರುಮಾಲ ಎಲ್ಲೈತಿ?”

ಅವರು ಬಟ್ಟೆಯನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಬರಿದಲೆಯಲ್ಲೇ ನಡೆದರು. ಚಪ್ಪರದಲ್ಲಿ ನಮಗೂ ಗೊಂದಲ. ಏಳಬೇಕೋ ಬೇಡವೋ ಎಂದು ಅರ್ಧ ಎದ್ದು ಒಬ್ಬರ ಮುಖ ಒಬ್ಬರು ನೋಡಿದೆವು. ಚನ್ನಬಸವಣ್ಣನವರು ಮುಂದಿನ ಕುರ್ಚಿಯ ಮೇಲೆ ಬಟ್ಟೆಯನ್ನಿಟ್ಟು ಪಕ್ಕಕ್ಕೆ ನಿಂತರು.

“ನೀವು ಕುಂಡ್ರಿ ಹಿರ್ಯಾರ,” ಎಂದ ಮಲ್ಲು.

“ನನಗ ಸುತ್ತಾಕ ಬರೂದಿಲ್ಲೋ ಮಲ್ಲು. ಸುತ್ತತಿದ್ದಾಕಿ ಗದಿಗೆವ್ವ. ಇಷ್ಟು ದಿನ ನೀವು ಎದ್ದು ನಿಂತದ್ದು ಆಕಿಗೆ.”

ಮಾವನ ಹಿಂದೆಯೇ ಬಂದಿದ್ದ ಕಾಂಚನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅರ್ಧ ಎದ್ದಿದ್ದ ನಾವು ಪೂರ್ತಿ ಎದ್ದು ನಿಂತೆವು.