ನೂರಕ್ಕೆ ಎರಡು ಕಡಿಮೆ

ಕನ್ನಡಕದ ಒಂದು ಕಡ್ಡಿಗೆ ಕಪ್ಪು ದಾರ ಸುತ್ತಿಕೊಂಡು, ನನ್ನ ಓವನ್ನಿನ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದರು ಕೆಳಮನೆಯ ಮೇಡಂ. ಹಿಂದೆ ನಿಂತ ನಾನು ಅನಾಹುತಗಳನ್ನು ಎಣಿಸುತ್ತಿದ್ದೆ. ಕರೆಂಟ್ ಹೋಗಬಹುದು. ಗಾಜು ಸಿಡಿಯಬಹುದು, ಅದೂ ಅವರ ಮೂಗಿಗೇ. ಕೇಕ್ ಉಬ್ಬದಿರಬಹುದು, ಉಬ್ಬಿದ್ದು ಕುಸಿಯಬಹುದು. ಕುಸಿಯದಿದ್ದರೆ ನರಸೀಪುರದ ಬಸ್ಸು ಹಂಪ್ ಹಾರಿಸಿ ಪುಡಿ ಮಾಡಬಹುದು. ಎಲ್ಲ ದಾಟಿ ಮನೆ ಮುಟ್ಟಿದರೂ ಅವ್ವ 'ಬ್ಯಾಡ ಕಣಪ್ಪ' ಎಂದುಬಿಡಬಹುದು. ಓವನ್ನಿನೊಳಗೆ ಇನ್ನೂ ಕೇಕೇ ಇರಲಿಲ್ಲ. ಒಂದು ಥರ್ಮಾಮೀಟರ್ ಮಾತ್ರ ಇತ್ತು.

ಎರಡು ಸಾವಿರದ ಇಸವಿಯ ಆಸುಪಾಸು. ನಾನಾಗ ನಂಜನಗೂಡಿನಲ್ಲಿ ಅವರ ಮಹಡಿಮನೆಯ ಬಾಡಿಗೆದಾರ. ನರಸೀಪುರದಲ್ಲಿದ್ದ ಅವ್ವ ಮೊಟ್ಟೆಯ ಭಯಕ್ಕೆ ಜನ್ಮದಲ್ಲಿ ಕೇಕ್ ಮುಟ್ಟಿದವಳಲ್ಲ. ಆ ವರ್ಷ ಹಲ್ಲೆಲ್ಲ ಕೀಳಿಸಿಕೊಂಡವಳು, "ಕೇಕು ಮೆತ್ಗಿರ್ತದಂತಲ್ಲ ಮಗ, ಮೊಟ್ಟೆ ಆಕ್ದೆ ಮಾಡಕಾಯ್ತದಾ?" ಎಂದಳು. ಅವ್ವ ನನ್ನ ಹತ್ತಿರ ಬಾಯಿಬಿಟ್ಟು ಏನಾದರೂ ಕೇಳಿದ್ದು ಅದೇ ಮೊದಲು. ಓವನ್ ತಂದೆ. ಮೂರು ಕೇಕ್ ಮಾಡಿದೆ. ಮೂರೂ ಹೊರಗೆ ಇದ್ದಿಲು, ಒಳಗೆ ಹಸಿಹಿಟ್ಟು.

ಮೂರನೆಯದರ ಸೀದ ವಾಸನೆಗೆ ಮೇಡಂ ಮೆಟ್ಟಿಲು ಹತ್ತಿ ಬಂದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದವರು. "ನಂಬಿಕೆ ಇದೆ, ಆದ್ರೂ ನೋಡೋಣ" ಎಂದು ಹಾಲಿನವನ ಎದುರಿಗೇ ಹಾಲಿಗೆ ಲ್ಯಾಕ್ಟೋಮೀಟರ್ ಬಿಡುತ್ತಿದ್ದರು. ಅವನೂ ಬೇಜಾರಿಲ್ಲದೆ ಕಾಯುತ್ತಿದ್ದ.

"ಪುಸ್ತಕದಲ್ಲಿದ್ದ ಹಾಗೇ ನೂರೆಂಬತ್ತಕ್ಕೆ ಇಟ್ಟಿದ್ದೆ ಮೇಡಂ."

"ನೀನಿಟ್ಟೆ ಸರಿ. ಒಳಗೆ ಅಷ್ಟಿದೆ ಅಂತ ಯಾರು ನೋಡಿದ್ರು?"

ಮುಳ್ಳು ತಿರುಗುವ ಥರ್ಮಾಮೀಟರ್ ತಂದವರು ಮೊದಲು ಅದನ್ನೇ ಕುದಿವ ನೀರಿಗೆ ಅದ್ದಿದರು. ಮುಳ್ಳು ತೊಂಬತ್ತೆಂಟಕ್ಕೆ ನಿಂತಿತು.

"ಅಯ್ಯೋ, ಇದೂ ಕೆಟ್ಟಿದೆ!"

"ಸರಿಯಾಗೇ ಇದೆ ಕಣಪ್ಪ. ನೂರಕ್ಕೆ ಕುದಿಯೋದು ಸಮುದ್ರದ ಪಕ್ಕ. ನಮ್ಮೂರು ಎತ್ತರದಲ್ಲಿದೆ, ಎರಡು ಡಿಗ್ರಿ ಮೊದ್ಲೇ ಕುದಿಯುತ್ತೆ. ನಿನ್ನ ಹಾಗೇ."

ಆಮೇಲೆ ಅದನ್ನು ಓವನ್ನಿನ ನಡುವೆ ಇಟ್ಟು, ಬಾಗಿಲು ತೆಗೆಯದೆ, ಕಾವು ತೋರಿಸುವ ಕೆಂಪು ದೀಪ ಮೂರು ಸಲ ಆರಿ ಹತ್ತುವವರೆಗೂ ಗಾಜಿನಲ್ಲೇ ನೋಡಿದರು. ಗುಂಡಿ ನೂರೆಂಬತ್ತು ಎನ್ನುತ್ತಿದ್ದಾಗ ಒಳಗೆ ಇನ್ನೂರಹತ್ತು! ಗಾಯಕ್ಕೆ ಹಚ್ಚುವ ಪ್ಲಾಸ್ಟರಿನ ತುಂಡಿನ ಮೇಲೆ 'ನೂರೆಂಬತ್ತು ಬೇಕಾದರೆ ನೂರೈವತ್ತು' ಎಂದು ದುಂಡಗೆ ಬರೆದು ಗುಂಡಿಯ ಕೆಳಗೆ ಅಂಟಿಸಿದರು.

ನಾಲ್ಕನೆಯ ಕೇಕ್ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಕೂತು ಹೋಯಿತು. ಅವ್ವ ಒಂದು ಚೂರನ್ನು ವಸಡಿನಲ್ಲಿ ಒತ್ತಿ, ಕಣ್ಣು ಮುಚ್ಚಿ, "ಇದ್ಕಾ ನಾನಿಷ್ಟ್ ವರ್ಸ ಎದ್ರುಕೊಂಡಿದ್ದು? ಇನ್ನೊಂದ್ ಚೂರ್ ಕೊಡು ಮಗ" ಎಂದಳು.

ನಾನು ಎಣಿಸಿದ್ದರಲ್ಲಿ ಒಂದೂ ಆಗಲಿಲ್ಲ. ಸಂಜೆ ಖಾಲಿ ಡಬ್ಬಿ ಹಿಡಿದು ಬಂದಾಗ ಮೇಡಂ ಬಾಗಿಲಲ್ಲೇ ನಿಂತಿದ್ದರು. "ಒಳಗೆ ಬೆಂದಿತ್ತೇನಪ್ಪ?" ಅವರಿಗೊಂದು ತುಂಡು ಎತ್ತಿಟ್ಟಿಲ್ಲವೆಂದು ಆಗಷ್ಟೇ ಹೊಳೆಯಿತು. "ಭಾನುವಾರ ನಿಮಗೇ ಬೇರೆ ಮಾಡ್ತೀನಿ ಮೇಡಂ" ಎಂದೆ. ಅವರೆದುರಿಗೇ ಉಬ್ಬದಿದ್ದರೆ ಎಂಬ ಅಳುಕಿಗೆ ಆ ಭಾನುವಾರ ಮುಂದೂಡಿದೆ, ಮರುಭಾನುವಾರವೂ ಮುಂದೂಡಿದೆ. ಮಳೆ ಹಿಡಿಯುವ ಮೊದಲೇ ಮೇಡಂ ಹೋಗಿಬಿಟ್ಟರು. ಆ ಓವನ್ನಿನಲ್ಲಿ ಬೆಂದದ್ದನ್ನು ಅವರು ಒಂದು ಚೂರೂ ತಿನ್ನಲಿಲ್ಲ.