ಕಂಡೋನ್ ಮಾಡಿರಿ ಎಂದು ಬರೆದ ಅರ್ಜಿ

ಚಿತ್ತಾಪುರದ ಕೋರ್ಟಿನೆದುರು ಅರ್ಜಿ ಟೈಪು ಮಾಡುವ ನನಗೆ ‘ಕಂಡೋನ್’ ಎಂಬ ಇಂಗ್ಲಿಷ್ ಕ್ರಿಯಾಪದದ ಮೇಲೆ ವಿಪರೀತ ಮೋಹವಿತ್ತು. ತಪ್ಪಾಗಿದೆ ಎಂದು ಗೊತ್ತಿದ್ದೂ ಮನ್ನಿಸಿಬಿಡುವುದು ಅದರ ಅರ್ಥ. ಮನೆಯಲ್ಲಿ, ಸಂತೆಯಲ್ಲಿ ಯಾರೂ ಅದನ್ನು ಆಡುವುದಿಲ್ಲ. ಕೋರ್ಟಿಗೆ ಗಡುವು ಮೀರಿ ಬಂದವರು ಮಾತ್ರ ‘ತಡವನ್ನು ಕಂಡೋನ್ ಮಾಡಬೇಕು’ ಎಂದು ಬೇಡಿಕೊಳ್ಳಬೇಕು. ಅಲ್ಪನಿಗೆ ಐಶ್ವರ್ಯ ಬಂದ ಹಾಗೆ ನಾನು ಆ ಶಬ್ದವನ್ನು ಕಂಡಕಂಡವರ ಮುಂದೆ ಮೆರೆಸುತ್ತಿದ್ದೆ.

ತಡಕ್ಕೆ ಕಾರಣ ಕೊಡಬೇಕಲ್ಲ, ಅದಕ್ಕೆ ನಮ್ಮ ಸಾಲಿನ ಟೈಪಿಸ್ಟರೆಲ್ಲರದೂ ಒಂದೇ ಮದ್ದು: ಕಾಮಣಿ ರೋಗ. ವಾಡಿಯವನಿಗೂ ಕಾಮಣಿ, ಸೇಡಂನವನಿಗೂ ಕಾಮಣಿ. ನಮ್ಮ ಅರ್ಜಿಗಳನ್ನು ಓದಿದರೆ ಇಡೀ ಸೀಮೆಯ ಜನ ಹಳದಿಯಾಗಿದ್ದಾರೆ ಅನ್ನಿಸಬೇಕು. ಯಾರನ್ನೂ ಏನೂ ಕೇಳದೆ ಬರೆದುಬಿಡುತ್ತಿದ್ದೆವು.

ಒಂದು ಮಧ್ಯಾಹ್ನ ಶಹಾಬಾದಿನಿಂದ ಹೆಣ್ಣುಮಗಳೊಬ್ಬಳು ಬಂದಳು. ಫರಸಿ ಕಲ್ಲಿನ ಗಣಿಯಲ್ಲಿ ದುಡಿಯುತ್ತಿದ್ದ ಗಂಡ ತೀರಿಕೊಂಡಿದ್ದ. ಬಾಡಿಗೆ ಮನೆ ಬಿಡಬೇಕೆಂದು ಮಾಲಕನ ಪರ ಹುಕುಂ ಆಗಿತ್ತು, ಮೇಲ್ಮನವಿಯ ಗಡುವೂ ಮೀರಿತ್ತು. ತಡ ಮಾಫಾದರೆ ಮನೆ ಉಳಿಸಿಕೊಳ್ಳಲು ಒಂದು ದಾರಿ. ಇಲ್ಲವಾದರೆ ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬೀದಿ. ಅವಳು ಏನೋ ಹೇಳಲು ಬಾಯಿ ತೆರೆದಳು. ನಾನು ಕಂಡೋನ್ ಅಂದರೇನೆಂದು ಪಾಠ ಮಾಡಿ, ಕಾಮಣಿ ಎಂದು ಬಡಿದು, ಹೆಬ್ಬೆಟ್ಟು ಒತ್ತಿಸಿಕೊಂಡೆ.

ವಿಚಾರಣೆಯ ದಿನ, ಕಾಯಿಲೆ ಯಾವಾಗ ವಾಸಿಯಾಯಿತು ಎಂದು ಜಡ್ಜರು ಕೇಳಿದರು.

“ನನಗ ಯಾ ಬ್ಯಾನಿನೂ ಇದ್ದಿದ್ದಿಲ್ರಿ,” ಅಂದಳು. “ಇದ್ದತ್ತಿನ್ಯಾಗ ಕುಂತಿದ್ದೆ. ಹೊರಗ ಬರಂಗಿದ್ದಿಲ್ರಿ.”

ಗಂಡ ಸತ್ತ ಮೇಲೆ ಮುಸ್ಲಿಂ ಹೆಂಗಸರು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಪದ್ಧತಿ ಅದು. ನಮ್ಮ ಓಣಿಯಲ್ಲೇ ಎಷ್ಟೋ ಮನೆಗಳಲ್ಲಿ ಕಂಡವನು ನಾನು. ಪ್ರಮಾಣ ಮಾಡಿ ಬರೆದದ್ದು ಸುಳ್ಳೆಂದು ಅರ್ಜಿ ವಜಾ ಆಯಿತು. ನಿಜವನ್ನೇ ಬರೆದಿದ್ದರೆ ಮನ್ನಿಸಬಹುದಿತ್ತು ಎಂದು ಜಡ್ಜರೇ ಅಂದರಂತೆ.

ನಾಚಿಕೆಯಾಯಿತು ಅಂದರೆ ಕಡಿಮೆಯೇ, ನನ್ನ ಮೇಲೆ ನನಗೇ ಹೇಸಿಗೆ ಬಂತು. ಆದರೂ ಹೊರಗೆ ಬಂದವಳಿಗೆ, ಇದ್ದತ್ತಿನ ಮಾತು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನೇ ಗದರಿದೆ. ತಪ್ಪು ಮಾಡಿದವನ ಬಾಯೇ ಜೋರು.

ಅವಳು ಸಿಟ್ಟಾಗಲಿಲ್ಲ. ತಾನು ಹೇಳಹೊರಟಾಗ ನಾನು ಕೇಳಿಸಿಕೊಳ್ಳಲಿಲ್ಲ ಎಂದೂ ಅನ್ನಲಿಲ್ಲ. ಸೆರಗು ಸರಿಮಾಡಿಕೊಂಡು, ಇದೆಲ್ಲ ಬಲ್ಲವನು ನಾನೇ ಎಂಬ ನಂಬಿಕೆಯಿಂದ ಒಂದೇ ಮಾತು ಕೇಳಿದಳು.

“ಹುಡುಗ್ಯಾರು ಸಾಲಿಯಿಂದ ಬರೂದ್ರೊಳಗ ಸಾಮಾನು ಹೊರಗ ಹಾಕ್ತಾರೇನ್ರಿ?”